ಮೊದಲ ಮೂರು ತಿಂಗಳ ಸಹಿ

ಬೆಂಗಳೂರಿನಿಂದ ಹೊರಟು ಫ್ರಾಂಕ್‌ಫರ್ಟ್‌ನಲ್ಲೋ ಮ್ಯೂನಿಕ್‌ನಲ್ಲೋ ಇಳಿದವರು ಮೊದಲ ಕೆಲವು ವಾರ ಸಹಿ ಹಾಕುವುದರಲ್ಲೇ ಕಳೆಯುತ್ತಾರೆ. ಬಾಡಿಗೆ ಕರಾರು, ವಿಳಾಸ ನೋಂದಣಿ, ಬ್ಯಾಂಕ್ ಖಾತೆ, ಕಂಪನಿಯ ಒಪ್ಪಂದ, ವೀಸಾ ಕಚೇರಿಯ ಅರ್ಜಿ. ಆ ರಾಶಿಯಲ್ಲಿ ಆರೋಗ್ಯ ವಿಮೆಯ ಕಾಗದವೂ ಒಂದು. ಅದನ್ನು ಕೂತು ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ವಯಸ್ಸು ಇಪ್ಪತ್ತೈದೋ ಮೂವತ್ತೋ, ಮೈಗೆ ರೋಗವಿಲ್ಲ, ಊರಲ್ಲಿ ಎಜುಕೇಶನ್ ಲೋನಿನ ಕಂತು ಕಾಯುತ್ತಿದೆ. ಮೊದಲೇ ಬಂದ ಸ್ನೇಹಿತರನ್ನು ಕೇಳುವುದು ಒಂದೇ ಪ್ರಶ್ನೆ: ಯಾವುದು ಅಗ್ಗ?

ಜರ್ಮನಿಯಲ್ಲಿ ಈ ಪ್ರಶ್ನೆಗೆ ಸಿಗುವ ಉತ್ತರ ತಪ್ಪಾದರೆ ಅದರ ಪೆಟ್ಟು ಬೀಳುವುದು ಮನಸ್ಸಿನ ಚಿಕಿತ್ಸೆಯ ಮೇಲೆ. ಕಾಲು ಮುರಿದರೆ, ಅಪೆಂಡಿಕ್ಸ್ ಊದಿಕೊಂಡರೆ ಹೆಚ್ಚುಕಡಿಮೆ ಎಲ್ಲ ವಿಮೆಗಳೂ ಹಣ ಕೊಡುತ್ತವೆ. ಖಿನ್ನತೆಯೋ ಆತಂಕವೋ ಹಿಡಿದು ವಾರಕ್ಕೊಮ್ಮೆ ತಿಂಗಳುಗಟ್ಟಲೆ ಥೆರಪಿಸ್ಟ್ ಎದುರು ಕೂರಬೇಕಾಗಿ ಬಂದಾಗ ಮಾತ್ರ, ಅಂದು ಸಹಿ ಹಾಕಿದ್ದು ಯಾವುದಕ್ಕೆ ಎಂಬುದು ಬಯಲಾಗುತ್ತದೆ. ಹಲವು ವರ್ಷಗಳಿಂದ ಇಲ್ಲಿದ್ದು, ನಮ್ಮ ಕಡೆಯ ಮಕ್ಕಳ ಜೊತೆ ಆಸ್ಪತ್ರೆಗೆ, ವಿಮಾ ಕಚೇರಿಗೆ ಓಡಾಡಿದ ಮೇಲೆ ನನಗೆ ಖಚಿತವಾಗಿರುವ ಮಾತಿದು: ಮನಸ್ಸು ಚೆನ್ನಾಗಿದ್ದ ದಿನ ತುಂಬಿದ ಅರ್ಜಿಯೇ, ಮನಸ್ಸು ಕೆಟ್ಟ ದಿನ ಸಿಗುವ ಚಿಕಿತ್ಸೆಯನ್ನು ಬಹುಮಟ್ಟಿಗೆ ನಿರ್ಧರಿಸಿಬಿಟ್ಟಿರುತ್ತದೆ. ಹೊರಡುವ ಮುಂಚೆಯೇ ಇದು ಗೊತ್ತಿರಬೇಕು.

ಎರಡನೆಯ ಚಳಿಗಾಲ

ಮೊದಲ ಚಳಿಗಾಲ ಹೇಗೋ ಕಳೆದುಹೋಗುತ್ತದೆ. ಹಿಮ ಹೊಸದು, ಊರು ಹೊಸದು, ಫೋಟೊ ಕಳಿಸಿದರೆ ಸಂತೋಷಪಡುವ ಜನ ಇರುತ್ತಾರೆ. ಎರಡನೆಯದು ಹಾಗಲ್ಲ. ಡಿಸೆಂಬರಿನಲ್ಲಿ ಬರ್ಲಿನ್, ಹ್ಯಾಂಬರ್ಗ್ ಕಡೆ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ, ಮುಳುಗುವುದು ಸಂಜೆ ನಾಲ್ಕರ ಆಸುಪಾಸಿಗೆ. ಕತ್ತಲಲ್ಲಿ ಕೆಲಸಕ್ಕೆ ಹೋಗಿ ಕತ್ತಲಲ್ಲೇ ಮನೆಗೆ ಬರಬೇಕು. ಭಾನುವಾರ ಅಂಗಡಿ ಮುಂಗಟ್ಟು ಮುಚ್ಚಿರುತ್ತವೆ. ಸಹೋದ್ಯೋಗಿಗಳು ಒಳ್ಳೆಯವರೇ, ಆದರೆ ಆಫೀಸಿನ ಗೆಳೆತನ ಆಫೀಸಿನ ಬಾಗಿಲಿಗೇ ಮುಗಿಯುತ್ತದೆ. ಕಲಿತ ಜರ್ಮನ್ ಭಾಷೆ ಬ್ರೆಡ್ ಕೊಳ್ಳಲು ಸಾಕಾಗುತ್ತದೆ, ಎದೆಯಲ್ಲಿರುವುದನ್ನು ಹೇಳಿಕೊಳ್ಳಲು ಸಾಲದು.

ಆಗ ಶುರುವಾಗುವುದು ಮನಸ್ಸಿನ ಕಾಯಿಲೆಯ ರೂಪದಲ್ಲಿ ಬರುವುದೇ ಇಲ್ಲ. ಗ್ಯಾಸ್ಟ್ರಿಕ್ ಎಂದು ಬರುತ್ತದೆ. ಎದೆ ಹಿಡಿದಂತೆ, ತಲೆ ಭಾರ, ಕೈ ಜೋಮು. ಸ್ಟುಟ್‌ಗಾರ್ಟ್ ಹತ್ತಿರ ಕೆಲಸ ಮಾಡುವ, ಹಾಸನ ಕಡೆಯ ಹುಡುಗನೊಬ್ಬ ನಮ್ಮ ಮನೆಗೆ ಊಟಕ್ಕೆ ಬಂದಿದ್ದಾಗ ಊರಿಂದ ಅವನ ತಾಯಿಯ ಫೋನ್ ಬಂತು.

“ಯಾಕೋ, ದನಿ ಒಂಥರಾ ಇದೆ?”

“ನೆಗಡಿ ಅಮ್ಮ. ಇಲ್ಲಿ ಚಳಿ ಜಾಸ್ತಿ.”

“ಮೆಣಸು ಜೀರಿಗೆ ಪುಡಿ ಮಾಡಿ ಕಳಿಸಿದ್ನಲ್ಲ, ಕಷಾಯ ಮಾಡ್ಕೊಂಡು ಕುಡಿಯಪ್ಪ.”

“ಹೂಂ ಅಮ್ಮ.”

ಫೋನ್ ಇಟ್ಟು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ: “ಅಕ್ಕ, ರಾತ್ರಿ ಮೂರಕ್ಕೆ ಎಚ್ಚರ ಆದ್ರೆ ಮತ್ತೆ ನಿದ್ದೆ ಹತ್ತಲ್ಲ. ಬೆಳಿಗ್ಗೆ ಮೀಟಿಂಗಿಗೆ ಲ್ಯಾಪ್‌ಟಾಪ್ ತೆಗೆಯೋಕೇ ಆಗಲ್ಲ. ಎದೆ ಡಾಕ್ಟರ್ ಹತ್ರಾನೂ ಹೋಗಿದ್ದೆ, ಇಸಿಜಿ ನಾರ್ಮಲ್ ಅಂದ್ರು.” ಊರಿಂದ ತಂದ ಅಸಿಡಿಟಿ ಮಾತ್ರೆ ಮುಗಿದಿದ್ದವು. ಹೃದಯದ ವೈದ್ಯರು ಕೊನೆಯಲ್ಲಿ ಕೇಳಿದ್ದರಂತೆ, ಮನಸ್ಸು ಹೇಗಿದೆ ಎಂದು. ಚೆನ್ನಾಗಿದೆ ಎಂದು ಹೇಳಿ ಎದ್ದು ಬಂದಿದ್ದ. ಯಾಕೆ ಹಾಗೆ ಹೇಳಿದೆ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಕಾರಣಗಳು ಮೂರು. ಕಂಪನಿಗೆ ಗೊತ್ತಾಗುತ್ತದೆ. ವೀಸಾಗೆ ತೊಂದರೆಯಾಗುತ್ತದೆ. ಇದಕ್ಕೆಲ್ಲ ವಿಮೆ ದುಡ್ಡು ಕೊಡುವುದಿಲ್ಲ.

ಅವನ ಮಟ್ಟಿಗೆ ಮೂರೂ ತಪ್ಪು. ಮೂರನೆಯದು ಮಾತ್ರ ಅವನಷ್ಟೇ ಕಷ್ಟದಲ್ಲಿರುವ ಇನ್ನೊಬ್ಬನ ಮಟ್ಟಿಗೆ ನಿಜವಾಗಿರಬಹುದಿತ್ತು. ಅದಕ್ಕೇ ಮೊದಲು ವಿಮೆಯ ವಿಷಯ.

ಕಾಸ್ಸೆ, ಖಾಸಗಿ ಮತ್ತು ನಡುವಿನ ಹಳ್ಳ

ಸರ್ಕಾರಿ ನೆಲೆಯ ಆರೋಗ್ಯ ವಿಮೆ ಜರ್ಮನಿಯಲ್ಲಿ 1883ರಷ್ಟು ಹಳೆಯದು. ಚಾನ್ಸಲರ್ ಬಿಸ್ಮಾರ್ಕ್ ಕಾಲದಲ್ಲಿ ಕಾರ್ಮಿಕರಿಗಾಗಿ ಶುರುವಾದ ಈ ವ್ಯವಸ್ಥೆಯಲ್ಲಿ ಇಂದು ದೇಶದ ಹತ್ತರಲ್ಲಿ ಒಂಬತ್ತು ಜನ ಇದ್ದಾರೆ. ಇದನ್ನು ನಡೆಸುವ ಸಂಸ್ಥೆಗಳಿಗೆ ಇಲ್ಲಿ ಕಾಸ್ಸೆ ಎನ್ನುತ್ತಾರೆ. ನಮ್ಮವರೂ ಕನ್ನಡದಲ್ಲಿ ಮಾತಾಡುವಾಗ “ನಿನ್ನ ಕಾಸ್ಸೆ ಯಾವುದು?” ಎಂದೇ ಕೇಳುತ್ತಾರೆ. 2025ರಲ್ಲಿ ಸಂಬಳದ ಸುಮಾರು ಶೇ 17ರಷ್ಟು ಇದಕ್ಕೆ ಹೋಗುತ್ತಿತ್ತು. ಅದರಲ್ಲಿ ಅರ್ಧ ನೌಕರನದು, ಅರ್ಧ ಕಂಪನಿಯದು. ಸಂಬಳದ ಚೀಟಿಯಲ್ಲಿ ಮೊದಲ ಬಾರಿ ಈ ಕಡಿತ ನೋಡಿ ಎದೆ ಧಸಕ್ಕೆನ್ನುವುದು ಸಹಜ. ಆದರೆ ಕಂತು ನಿಗದಿಯಾಗುವುದು ಆದಾಯದ ಮೇಲೆ, ಕಾಯಿಲೆಯ ಮೇಲಲ್ಲ. ಸೇರುವಾಗ ಹಿಂದೆ ಯಾವ ರೋಗವಿತ್ತು ಎಂದು ಯಾರೂ ಕೇಳುವುದಿಲ್ಲ. ಸಂಪಾದನೆಯಿಲ್ಲದ ಹೆಂಡತಿ ಅಥವಾ ಗಂಡ, ಮಕ್ಕಳು ಅದೇ ಕಂತಿನಲ್ಲಿ ಬರುತ್ತಾರೆ.

ಮುಖ್ಯ ವಿಷಯವೆಂದರೆ ಮಾತಿನ ಚಿಕಿತ್ಸೆ, ಅಂದರೆ ಸೈಕೊಥೆರಪಿ, ಇಲ್ಲಿ ಔಷಧ ಆಪರೇಷನ್ನುಗಳ ಹಾಗೆಯೇ ವಿಮೆಯ ಭಾಗ. 1999ರಲ್ಲಿ ಜಾರಿಗೆ ಬಂದ ಕಾನೂನು ಮನಃಶಾಸ್ತ್ರ ಓದಿ ತರಬೇತಿ ಪಡೆದ ಥೆರಪಿಸ್ಟ್‌ಗಳನ್ನು ಕಾಸ್ಸೆ ವ್ಯವಸ್ಥೆಯೊಳಗೆ ತಂದಿತು. ಯಾವ ವೈದ್ಯರ ಶಿಫಾರಸು ಚೀಟಿಯೂ ಇಲ್ಲದೆ ನೇರವಾಗಿ ಅವರ ಬಳಿ ಹೋಗಬಹುದು. ಮೊದಲಿಗೆ 12 ಭೇಟಿ, ಬೇಕಾದರೆ ಇನ್ನೂ 12, ಅದೂ ಸಾಲದಿದ್ದರೆ ದೀರ್ಘಾವಧಿ. ವರ್ತನಾ ಚಿಕಿತ್ಸೆ ಎಂಬ ಪದ್ಧತಿಯಲ್ಲಿ ಇದು 80 ಭೇಟಿಗಳವರೆಗೂ ಹೋಗಬಹುದು. ಒಂದೊಂದು ಭೇಟಿ 50 ನಿಮಿಷ. ರೋಗಿ ಕೈಯಿಂದ ಕೊಡಬೇಕಾದ್ದು ಸೊನ್ನೆ. ಬೆಂಗಳೂರಿನಲ್ಲಿ ಪ್ರತಿ ಭೇಟಿಗೂ ಸ್ವಂತ ಜೇಬಿನಿಂದ ಕೊಟ್ಟು, ನಾಲ್ಕನೆಯ ಭೇಟಿಗೆ ದುಡ್ಡಿನ ಲೆಕ್ಕ ಹಾಕಿ ಬಿಟ್ಟುಬಿಡುವವರನ್ನು ಕಂಡವರಿಗೆ ಇದು ಎಷ್ಟು ದೊಡ್ಡದು ಎಂದು ಅರ್ಥವಾಗುತ್ತದೆ.

ಇಷ್ಟು ಒಳ್ಳೆಯದನ್ನು ಬಿಟ್ಟು ಹೊರಗೆ ಹೋಗುವವರು ಯಾರು? ಮೂರು ಬಗೆಯ ಜನ, ಮೂವರೂ ನಮ್ಮ ಊರುಗಳಿಂದ ಬರುವವರೇ.

ಮೊದಲನೆಯವರು ವಿದ್ಯಾರ್ಥಿಗಳು. ಜರ್ಮನಿಯ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತೀಯರದೇ ಅತಿ ದೊಡ್ಡ ಗುಂಪು. 30 ವರ್ಷದೊಳಗಿನವರಿಗೆ ಕಾಸ್ಸೆ ಕಡ್ಡಾಯ, ರಿಯಾಯಿತಿ ಕಂತು 2025ರಲ್ಲಿ ತಿಂಗಳಿಗೆ 140 ಯೂರೊ ಆಸುಪಾಸು ಇತ್ತು. ಆದರೆ ಮೊದಲ ಮೂರು ತಿಂಗಳೊಳಗೆ ಅರ್ಜಿ ಕೊಟ್ಟು ಇದರಿಂದ ವಿನಾಯಿತಿ ಪಡೆದು ಖಾಸಗಿ ವಿಮೆಗೆ ಹೋಗಲು ಅವಕಾಶವಿದೆ. ತಿಂಗಳಿಗೆ ನೂರು ಯೂರೊ ಉಳಿದರೆ ಊರಿನ ಸಾಲಕ್ಕಾಯಿತು ಎಂದು ಹುಡುಗರು ಅದನ್ನು ಮಾಡಿಬಿಡುತ್ತಾರೆ. ವಿನಾಯಿತಿಯನ್ನು ಹಿಂಪಡೆಯಲು ಬರುವುದಿಲ್ಲ. ಆ ಓದು ಮುಗಿಯುವ ತನಕ ಅದು ಅಂಟಿಕೊಂಡೇ ಇರುತ್ತದೆ. ವಿದೇಶದಿಂದ ಬರುವವರಿಗೆಂದೇ ಮಾರುವ ಅಗ್ಗದ ಪಾಲಿಸಿಗಳಲ್ಲಿ ಬಹಳಷ್ಟರ ಷರತ್ತಿನ ಪುಟದಲ್ಲಿ, ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿಯೊಳಗೆ, ಸೈಕೊಥೆರಪಿ ಎಂಬ ಪದ ಕೂತಿರುತ್ತದೆ. ಮೊದಲೇ ಇದ್ದ ಕಾಯಿಲೆಗಳೂ ಅಲ್ಲೇ. ವಿದ್ಯಾರ್ಥಿ ಕುಸಿಯುವುದು ಪ್ರಬಂಧ ಬರೆಯುವ ಕೊನೆಯ ಸೆಮಿಸ್ಟರಿನಲ್ಲಿ. ಅಷ್ಟು ಹೊತ್ತಿಗೆ ಆ ಪುಟ ಯಾವ ಇಮೇಲಿನಲ್ಲಿದೆ ಎಂಬುದೂ ನೆನಪಿರುವುದಿಲ್ಲ.

ಎರಡನೆಯವರು 30 ದಾಟಿ ಓದಲು ಬರುವವರು, ಸ್ಟೈಪೆಂಡ್ ಮೇಲೆ ಸಂಶೋಧನೆಗೆ ಬರುವವರು, 2024ರ ಜೂನ್‌ನಲ್ಲಿ ಶುರುವಾದ ಆಪರ್ಚುನಿಟಿ ಕಾರ್ಡ್ ಹಿಡಿದು ಕೆಲಸ ಹುಡುಕಲು ಬಂದವರು. ಭಾರತದಿಂದ ನೇರವಾಗಿ ಬಂದರೆ ಇವರಿಗೆ ಸಾಮಾನ್ಯವಾಗಿ ಕಾಸ್ಸೆಯ ಬಾಗಿಲೇ ತೆರೆಯುವುದಿಲ್ಲ. ಇವರ ತಪ್ಪೇನೂ ಇಲ್ಲ. ನಿಯಮವೇ ಹಾಗಿದೆ, ಮತ್ತು ಅದು ಅನ್ಯಾಯದ ನಿಯಮ ಎಂಬುದು ನನ್ನ ಅಭಿಪ್ರಾಯ. ಕೆಲಸವಿಲ್ಲದೆ, ಕೂಡಿಟ್ಟ ಹಣ ಕರಗುತ್ತಾ, ದಿನಕ್ಕೊಂದು ನಿರಾಕರಣೆಯ ಇಮೇಲ್ ಓದುವ ಮನುಷ್ಯನಿಗಿಂತ ಮನಸ್ಸಿನ ಆರೈಕೆ ಇನ್ಯಾರಿಗೆ ಬೇಕು? ಅವರು ಮಾಡಬಹುದಾದ್ದು ಒಂದಿದೆ: ಪಾಲಿಸಿ ಕೊಳ್ಳುವಾಗ ಕಂತಿನ ಮೊತ್ತದ ಬದಲು ಹಣ ಕೊಡದವುಗಳ ಆ ಪಟ್ಟಿಯನ್ನು ಮೊದಲು ಓದುವುದು. ಥೆರಪಿಯನ್ನು ಸೇರಿಸಿದ ಪಾಲಿಸಿಗಳೂ ಮಾರುಕಟ್ಟೆಯಲ್ಲಿ ಉಂಟು, ದುಬಾರಿ. ಕೆಲಸ ಸಿಕ್ಕ ದಿನವೇ ಕಾಸ್ಸೆಗೆ ಸೇರುವುದು ಮುಂದಿನ ಹೆಜ್ಜೆ. ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವರಿಗಾದರೆ ವಿದ್ಯಾರ್ಥಿ ಸೇವಾ ಸಂಸ್ಥೆಗಳ ಆಪ್ತಸಮಾಲೋಚನಾ ಕೇಂದ್ರಗಳಿವೆ. ಅಲ್ಲಿ ವಿಮೆಯ ಕಾರ್ಡನ್ನೇ ಕೇಳುವುದಿಲ್ಲ, ಹಲವು ಕಡೆ ಇಂಗ್ಲಿಷಿನಲ್ಲಿ ಮಾತಾಡುವವರು ಸಿಗುತ್ತಾರೆ.

ಮೂರನೆಯವರು ಹೆಚ್ಚು ಸಂಬಳದವರು. 2025ರಲ್ಲಿ ವರ್ಷಕ್ಕೆ 73,800 ಯೂರೊ ದಾಟಿದವರು ಕಾಸ್ಸೆ ಬಿಟ್ಟು ಪೂರ್ಣ ಪ್ರಮಾಣದ ಖಾಸಗಿ ವಿಮೆಗೆ ಹೋಗಬಹುದಿತ್ತು. ಈ ಮಿತಿ ವರ್ಷವರ್ಷವೂ ಏರುತ್ತದೆ. ಏಜೆಂಟರು ಹುಡುಕಿಕೊಂಡು ಬರುವುದು ಇವರನ್ನೇ. ಕಡಿಮೆ ಕಂತು, ತಜ್ಞ ವೈದ್ಯರ ಬಳಿ ಬೇಗ ಸಮಯ, ಆಸ್ಪತ್ರೆಯಲ್ಲಿ ಒಂಟಿ ಕೋಣೆ. ಎಲ್ಲ ನಿಜ. ಆದರೆ ಅರ್ಜಿಯಲ್ಲಿ ಪ್ರಶ್ನೆಗಳ ಪುಟವೊಂದಿರುತ್ತದೆ: ಕಳೆದ ಐದು ಅಥವಾ ಹತ್ತು ವರ್ಷಗಳಲ್ಲಿ ಮನೋಚಿಕಿತ್ಸೆ ಪಡೆದಿದ್ದೀರಾ? ಬೆಂಗಳೂರಿನಲ್ಲಿ ಪಡೆದ ಕೌನ್ಸೆಲಿಂಗೂ ಇದರಲ್ಲಿ ಸೇರುತ್ತದೆ. ಹೌದು ಎಂದರೆ ಕಂತು ಏರುತ್ತದೆ, ಹೆಚ್ಚು ಸಲ ಅರ್ಜಿಯೇ ತಿರಸ್ಕೃತವಾಗುತ್ತದೆ. ಇಲ್ಲ ಎಂದು ಸುಳ್ಳು ಬರೆದವರ ಪಾಲಿಸಿಯನ್ನು ಕಂಪನಿ ವರ್ಷಗಳ ನಂತರವೂ ರದ್ದು ಮಾಡಬಹುದು, ಅದೂ ದೊಡ್ಡ ಬಿಲ್ಲು ಬಂದ ಹೊತ್ತಿಗೆ. ಕೆಲವು ಪಾಲಿಸಿಗಳು ಥೆರಪಿಗೆ ವರ್ಷಕ್ಕೆ ಇಷ್ಟೇ ಭೇಟಿ ಎಂದು ಗೆರೆ ಎಳೆಯುತ್ತವೆ. ಹೆಂಡತಿ ಮಕ್ಕಳು ಬಂದರೆ ಒಬ್ಬೊಬ್ಬರಿಗೂ ಬೇರೆ ಕಂತು, ಒಬ್ಬೊಬ್ಬರಿಗೂ ಅದೇ ಪ್ರಶ್ನೆಗಳು.

ಜರ್ಮನಿಯಲ್ಲಿ ಮೊದಲ ಬಾರಿಗೆ ಕೆಲಸಕ್ಕೆ ಸೇರುವವರ ಸಂಬಳ ಆ ಮಿತಿ ದಾಟಿದ್ದರೂ, ಸೇರಿದ ಮೂರು ತಿಂಗಳೊಳಗೆ ತಾವಾಗಿಯೇ ಕಾಸ್ಸೆಯನ್ನು ಆರಿಸಿಕೊಳ್ಳಬಹುದು. ಆ ಅವಧಿ ಕಳೆದರೆ ಸಂಬಳ ಮಿತಿಗಿಂತ ಕೆಳಗಿಳಿಯುವ ತನಕ ಒಳಗೆ ಬರುವುದು ಕಷ್ಟ. 55 ವರ್ಷ ದಾಟಿದ ಮೇಲಂತೂ ಹೆಚ್ಚುಕಡಿಮೆ ಅಸಾಧ್ಯ. ವಿದ್ಯಾರ್ಥಿಯ ಸಹಿಗೂ ದೊಡ್ಡ ಸಂಬಳದವರ ಸಹಿಗೂ ಇರುವ ಗಡುವು ಒಂದೇ, ಮೂರು ತಿಂಗಳು. ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು ಕಾಸ್ಸೆಗೆ ಸೇರಿ ಎಂದೇ. ಒಂಟಿ ಕೋಣೆಯಿಲ್ಲದೆಯೂ ಬದುಕಬಹುದು.

ಮಂಗಳವಾರ ಮಧ್ಯಾಹ್ನದ ಫೋನು

ಹಾಸನದ ಹುಡುಗ ಕಾಸ್ಸೆಯಲ್ಲೇ ಇದ್ದ. ಹಾಗಾಗಿ ಬಾಗಿಲು ತೆರೆದಿತ್ತು, ಆ ಬಾಗಿಲು ಎಲ್ಲಿದೆ ಎಂದು ಗೊತ್ತಿರಲಿಲ್ಲ ಅಷ್ಟೆ. ಇಲ್ಲಿನ ಥೆರಪಿಸ್ಟ್‌ಗಳಿಗೆ ರಿಸೆಪ್ಷನ್ ಇರುವುದಿಲ್ಲ. ಬಹುತೇಕರು ಒಬ್ಬರೇ ಒಂದು ಕೋಣೆಯಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ. ರೋಗಿ ಎದುರಿಗಿದ್ದಾಗ ಫೋನ್ ಎತ್ತುವುದಿಲ್ಲ. ಅದಕ್ಕೆಂದೇ ವಾರದಲ್ಲಿ ಒಂದೆರಡು ಹೊತ್ತು ಫೋನಿನ ಸಮಯ ಎಂದು ಇಟ್ಟಿರುತ್ತಾರೆ. ಮಂಗಳವಾರ 12ರಿಂದ 12.50, ಗುರುವಾರ 8ರಿಂದ 8.30, ಹೀಗೆ. ಆಚೀಚೆ ಮಾಡಿದರೆ ಆನ್ಸರಿಂಗ್ ಮಷೀನು, ಅದರಲ್ಲಿ ಸ್ಪಷ್ಟ ಜರ್ಮನ್‌ನಲ್ಲಿ “ಹೊಸ ರೋಗಿಗಳಿಗೆ ಸದ್ಯ ಜಾಗವಿಲ್ಲ” ಎಂಬ ಮಾತು. ಖಿನ್ನತೆಯಲ್ಲಿರುವ ಮನುಷ್ಯನಿಗೆ ಈ ಮಾತನ್ನು ಐದನೆಯ ಸಲ ಕೇಳುವ ಶಕ್ತಿ ಇರುವುದಿಲ್ಲ. ಅವನು ಎರಡಕ್ಕೇ ನಿಲ್ಲಿಸಿದ್ದ.

ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂತು ಬೇರೆ ದಾರಿಯಿಂದ ಹೋದೆವು. 116117 ಎಂಬ ಸಂಖ್ಯೆ ಇದೆ. ಇಡೀ ಜರ್ಮನಿಗೆ ಒಂದೇ, ವೈದ್ಯರ ಸಮಯ ಹೊಂದಿಸಿಕೊಡುವ ವ್ಯವಸ್ಥೆ, ವೆಬ್‌ಸೈಟಿನಲ್ಲೂ ಮಾಡಬಹುದು. ಮೊದಲ ಸಮಾಲೋಚನೆಗೆ ನಾಲ್ಕು ವಾರದೊಳಗಿನ ಸಮಯವನ್ನು ಕೊಡಲೇಬೇಕು. ಯಾರು ಸಿಗುತ್ತಾರೆ ಎಂಬ ಆಯ್ಕೆ ನಮ್ಮದಲ್ಲ, ಒಂದು ಗಂಟೆ ದೂರದ ಊರಾದರೂ ಆಗಬಹುದು. ಈ ಸಮಾಲೋಚನೆ 2017ರಲ್ಲಿ ಬಂದ ಸುಧಾರಣೆ: ಥೆರಪಿಗೆ ಜಾಗ ಸಿಗಲಿ ಬಿಡಲಿ, ತೊಂದರೆ ಏನೆಂದು ಕೂತು ನೋಡುವ ಒಬ್ಬ ತಜ್ಞರಾದರೂ ಬೇಗ ಸಿಗಲಿ ಎಂಬುದು ಅದರ ಉದ್ದೇಶ. ಕನಿಷ್ಠ 50 ನಿಮಿಷ. ಮುಗಿದ ಮೇಲೆ ಕೈಗೊಂದು ಹಾಳೆ ಕೊಡುತ್ತಾರೆ, ಅದರ ಹೆಸರು ಪಿಟಿವಿ 11.

ಆ ಹಾಳೆಯನ್ನು ಹುಡುಗ ಜಾಕೆಟ್ ಜೇಬಿನಲ್ಲಿ ಮಡಚಿಟ್ಟುಕೊಂಡು ಬಂದಿದ್ದ, ನಾನು ಬಿಡಿಸಿ ನೋಡಿದೆ. ಮೇಲೆ ಅವನ ಹೆಸರು, ಕೆಳಗೆ ರೋಗದ ಸಂಕೇತ, ಅದರ ಕೆಳಗೆ ಸಾಲು ಚೌಕಗಳು: ಥೆರಪಿ ಬೇಡ, ಥೆರಪಿ ಬೇಕು, ತುರ್ತು ಚಿಕಿತ್ಸೆ ಬೇಕು, ಆಸ್ಪತ್ರೆ, ವೈದ್ಯರಿಂದ ಇನ್ನೊಂದು ತಪಾಸಣೆ. ಅವನ ಹಾಳೆಯಲ್ಲಿ ತುರ್ತು ಚಿಕಿತ್ಸೆಯ ಚೌಕಕ್ಕೆ ಗುರುತು ಬಿದ್ದಿತ್ತು, ಮೂಲೆಯಲ್ಲಿ ಒಂದು ಸಂಕೇತ ಸಂಖ್ಯೆಯ ಚೀಟಿ ಅಂಟಿಸಿತ್ತು. ಆ ಸಂಖ್ಯೆ ಕೊಟ್ಟು ಮತ್ತೆ 116117ಕ್ಕೆ ಕೇಳಿದರೆ ಎರಡು ವಾರದೊಳಗೆ ತುರ್ತು ಚಿಕಿತ್ಸೆಯ ಸಮಯ ಸಿಗಬೇಕು. 25 ನಿಮಿಷಗಳ 24 ಭೇಟಿಗಳವರೆಗೆ, ಕಾಸ್ಸೆಯ ಪೂರ್ವಾನುಮತಿ ಇಲ್ಲದೆ. ಮುಂದೆ ಪೂರ್ಣ ಥೆರಪಿಗೆ ಹೋದರೆ ಈ ಗಂಟೆಗಳನ್ನು ಅದರಲ್ಲಿ ಲೆಕ್ಕ ಹಿಡಿಯುತ್ತಾರೆ. ಇಷ್ಟು ಬೆಲೆಯ ಕಾಗದವನ್ನು ಅನೇಕರು ಏನೆಂದು ತಿಳಿಯದೆ ಎಸೆದುಬಿಡುತ್ತಾರೆ.

ಪೂರ್ಣ ಥೆರಪಿಗೆ ಕಾಯುವ ಕಾಲ ಮಾತ್ರ ಉದ್ದ. ಥೆರಪಿಸ್ಟ್‌ಗಳ ಒಕ್ಕೂಟ 2018ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಮೊದಲ ವಿಚಾರಣೆಯಿಂದ ಥೆರಪಿ ಶುರುವಾಗಲು ಸರಾಸರಿ 20 ವಾರ ಹಿಡಿಯುತ್ತಿತ್ತು. ಥೆರಪಿಸ್ಟ್‌ಗಳ ಕೊರತೆಗಿಂತ ಕಾಸ್ಸೆ ಪರವಾನಗಿಗಳ ಕೊರತೆ ಇದಕ್ಕೆ ಹೆಚ್ಚು ಕಾರಣ. ಯಾವ ಪ್ರದೇಶಕ್ಕೆ ಎಷ್ಟು ಪರವಾನಗಿ ಎಂಬ ಲೆಕ್ಕ ಹಾಕಿದ್ದು 1999ರ ಸುಮಾರಿಗೆ, ಆಗ ಎಷ್ಟು ಜನ ಪ್ರಾಕ್ಟೀಸ್ ಮಾಡುತ್ತಿದ್ದರು ಎಂಬುದನ್ನೇ ಅಗತ್ಯ ಎಂದು ಹಿಡಿದು. ಅಂದಿನಿಂದ ಜನ ಮನಸ್ಸಿನ ಕಾಯಿಲೆಯನ್ನು ಹೇಳಿಕೊಳ್ಳಲು ಕಲಿತಿದ್ದಾರೆ, ಲೆಕ್ಕ ಆ ವೇಗದಲ್ಲಿ ಬದಲಾಗಿಲ್ಲ. ಪರವಾನಗಿಯಿಲ್ಲದ, ಅರ್ಹತೆಯುಳ್ಳ ಥೆರಪಿಸ್ಟ್‌ಗಳು ಖಾಸಗಿಯಾಗಿ ನೋಡುತ್ತಾರೆ. ಕಾಸ್ಸೆ ಥೆರಪಿಸ್ಟ್‌ಗಳು ಜಾಗವಿಲ್ಲ ಎಂದದ್ದರ ಪಟ್ಟಿಯನ್ನು ತಾರೀಖು ಸಮೇತ ಬರೆದಿಟ್ಟು, ಪಿಟಿವಿ 11 ಲಗತ್ತಿಸಿ, ಖಾಸಗಿಯವರ ಶುಲ್ಕವನ್ನು ಕೊಡಿ ಎಂದು ಕಾಸ್ಸೆಗೆ ಅರ್ಜಿ ಹಾಕುವ ಹಕ್ಕು ಕಾನೂನಿನಲ್ಲಿದೆ. ಸುಲಭಕ್ಕೆ ಒಪ್ಪುವುದಿಲ್ಲ, ತಿರಸ್ಕರಿಸಿದರೆ ಆಕ್ಷೇಪಣೆ ಬರೆಯಬೇಕು. ಆ ಪತ್ರಗಳನ್ನು ಬರೆಯುವ ತಾಕತ್ತು ಆ ಹೊತ್ತಿನಲ್ಲಿ ರೋಗಿಗೆ ಇರುವುದಿಲ್ಲ. ಜರ್ಮನ್ ಚೆನ್ನಾಗಿ ಬಲ್ಲ ಗೆಳೆಯರು ಮಾಡಬಹುದಾದ ದೊಡ್ಡ ಉಪಕಾರ ಇದೇ.

ಕಂಪನಿಗೆ ಗೊತ್ತಾಗುತ್ತದೆಯೇ, ವೀಸಾ ಹೋಗುತ್ತದೆಯೇ

ಇನ್ನು ಅವನ ಮೊದಲ ಎರಡು ಭಯಗಳು. ವೈದ್ಯರೂ ಥೆರಪಿಸ್ಟ್‌ಗಳೂ ರೋಗಿಯ ಗುಟ್ಟನ್ನು ಹೊರಗೆ ಹೇಳಿದರೆ ಇಲ್ಲಿ ಅದು ದಂಡಸಂಹಿತೆಯ ಅಪರಾಧ, ಒಂದು ವರ್ಷದವರೆಗೆ ಜೈಲು ಅಥವಾ ದಂಡ. ರಜೆಗೆ ವೈದ್ಯರು ಕೊಡುವ ಪ್ರಮಾಣಪತ್ರದಲ್ಲಿ ಕಂಪನಿಗೆ ಕಾಣುವುದು ಎಂದಿನಿಂದ ಎಂದಿನವರೆಗೆ ಎಂಬುದಷ್ಟೇ, ಕಾಯಿಲೆ ಯಾವುದು ಎಂಬುದಲ್ಲ. 2023ರಿಂದ ಇದು ಕಾಗದದ ಬದಲು ಕಾಸ್ಸೆಯ ಮೂಲಕ ಕಂಪ್ಯೂಟರಿನಲ್ಲೇ ಹೋಗುತ್ತದೆ. ಅಲ್ಲೂ ರೋಗದ ಹೆಸರು ಕಂಪನಿಗೆ ತೆರೆಯುವುದಿಲ್ಲ. ಮ್ಯಾನೇಜರ್ ಕೇಳಿದರೆ ಹೇಳಬೇಕಾದ ಕಟ್ಟಲೆ ಇಲ್ಲ.

ಸಂಬಳ? ಕೆಲಸಕ್ಕೆ ಸೇರಿ ನಾಲ್ಕು ವಾರ ಕಳೆದಿದ್ದರೆ, ಕಾಯಿಲೆ ರಜೆಯ ಮೊದಲ ಆರು ವಾರ ಕಂಪನಿಯೇ ಪೂರ್ತಿ ಕೊಡಬೇಕು. ಆಮೇಲೆ ಕಾಸ್ಸೆ ಒಟ್ಟು ಸಂಬಳದ ಶೇ 70ರಷ್ಟು, ಆದರೆ ಕೈಗೆ ಬರುತ್ತಿದ್ದ ಸಂಬಳದ ಶೇ 90 ಮೀರದಂತೆ, ಕೊಡುತ್ತದೆ. ಒಂದೇ ಕಾಯಿಲೆಗೆ ಮೂರು ವರ್ಷದ ಅವಧಿಯಲ್ಲಿ 78 ವಾರಗಳವರೆಗೆ. ಇದು ದಾನವಲ್ಲ, ನಾವೇ ಕಟ್ಟಿದ ಕಂತಿನ ಫಲ. ಅದಕ್ಕೇ ವೀಸಾ ಕಾನೂನು ಇದನ್ನು ಸರ್ಕಾರದ ಮೇಲಿನ ಹೊರೆ ಎಂದು ಎಣಿಸುವುದಿಲ್ಲ. ಥೆರಪಿಗೆ ಹೋಗಿದ್ದಕ್ಕೆ ವೀಸಾ ಕಚೇರಿಗೆ ಸುದ್ದಿ ಮುಟ್ಟುವ ದಾರಿಯೂ ಇಲ್ಲ. ಆರು ವಾರಕ್ಕಿಂತ ಹೆಚ್ಚು ರಜೆಯಲ್ಲಿದ್ದವರನ್ನು ಕರೆದು, ಮತ್ತೆ ಕಾಯಿಲೆ ಬೀಳದಂತೆ ಕೆಲಸವನ್ನು ಹೇಗೆ ಹೊಂದಿಸಬಹುದು ಎಂದು ಮಾತಾಡುವುದು ಕಂಪನಿಯ ಕರ್ತವ್ಯ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾ ಕೆಲಸಕ್ಕೆ ಮರಳುವ ಪದ್ಧತಿಗೆ ಹ್ಯಾಂಬರ್ಗ್ ಮಾದರಿ ಎಂಬ ಹೆಸರೇ ಇದೆ. ಕೆಲಸ ಬಿಟ್ಟು ಊರಿಗೆ ಹೋಗಿಬಿಡುತ್ತೇನೆ ಎಂದು ನಿರ್ಧರಿಸುವ ಮುನ್ನ ಇದನ್ನು ಕೇಳಿ ನೋಡಬೇಕು. ಖಿನ್ನತೆಯ ನಡುವೆ ಬರೆದ ರಾಜೀನಾಮೆ ಪತ್ರಗಳನ್ನು ನಾನು ಕಂಡಿದ್ದೇನೆ. ಅವು ಕೆಲಸವನ್ನೂ ವಿಮೆಯನ್ನೂ ಒಟ್ಟಿಗೆ ಕೊಂಡೊಯ್ಯುತ್ತವೆ.

ಅಮೆರಿಕದಲ್ಲಿರುವ ಕನ್ನಡಿಗರು ಇದನ್ನು ಓದಿ ನಿಟ್ಟುಸಿರು ಬಿಡಬಹುದು. ಅಲ್ಲಿ ವಿಮೆ ಕಂಪನಿಗೆ ಕಟ್ಟಿಹಾಕಿದ ಸೊತ್ತು. ಮನಸ್ಸಿನ ಕಾಯಿಲೆಗೂ ಮೈಯ ಕಾಯಿಲೆಗೂ ವಿಮೆ ಭೇದ ಮಾಡಬಾರದು ಎಂಬ ಕಾನೂನು 2008ರಲ್ಲೇ ಬಂದಿದೆ. ಆದರೆ ವಿಮಾ ಕಂಪನಿಯ ಪಟ್ಟಿಯಲ್ಲಿ ಹೆಸರಿರುವ ಥೆರಪಿಸ್ಟ್‌ಗಳಿಗೆ ಫೋನ್ ಮಾಡಿದರೆ ಹೊಸಬರನ್ನು ತೆಗೆದುಕೊಳ್ಳುವುದಿಲ್ಲ ಎನ್ನುವವರೇ ಬಹಳ. ಎಚ್–1ಬಿ ವೀಸಾದಲ್ಲಿರುವವರು ಕೆಲಸ ಕಳೆದುಕೊಂಡರೆ ಹೊಸದನ್ನು ಹುಡುಕಲು 60 ದಿನ. ಹಳೆಯ ವಿಮೆಯನ್ನು ಮುಂದುವರಿಸಬೇಕೆಂದರೆ ಪೂರ್ತಿ ಕಂತನ್ನು ತಾವೇ ಕಟ್ಟಬೇಕು. ಆತಂಕ ಏರುವ ಹೊತ್ತಿಗೇ ಆಸರೆ ಜಾರುತ್ತದೆ. ಕೊಲ್ಲಿಯ ಕಥೆ ಇನ್ನೊಂದು. ಭಟ್ಕಳ, ಉಡುಪಿ, ಮಂಗಳೂರಿನ ಮನೆಮನೆಯಿಂದ ಜನ ದುಡಿಯುವ ದುಬೈನಲ್ಲಿ 2013ರ ಕಾನೂನಿನ ಪ್ರಕಾರ ವಿಮೆ ಕೊಡಿಸುವುದು ಉದ್ಯೋಗದಾತನ ಹೊಣೆ. 2025ರ ಜನವರಿಯಿಂದ ಯುಎಇಯ ಎಲ್ಲ ಎಮಿರೇಟುಗಳಲ್ಲೂ ಅದು ಕಡ್ಡಾಯವಾಗಿದೆ. ಇಸಿಆರ್ (ವಲಸೆ ಅನುಮತಿ ಬೇಕಾದ) ಪಾಸ್‌ಪೋರ್ಟಿನವರು ಹೊರಡುವಾಗ ಮಾಡಿಸಬೇಕಾದ ನಮ್ಮ ಸರ್ಕಾರದ ಪ್ರವಾಸಿ ಭಾರತೀಯ ಬಿಮಾ ಯೋಜನೆ ಮುಖ್ಯವಾಗಿ ಅಪಘಾತದ ವಿಮೆ, ಸಾವು ಅಥವಾ ಶಾಶ್ವತ ಅಂಗವೈಕಲ್ಯಕ್ಕೆ 10 ಲಕ್ಷ ರೂಪಾಯಿ. ಎಂಟು ಜನ ಮಲಗುವ ಕೋಣೆಯಲ್ಲಿ ವರ್ಷಗಟ್ಟಲೆ ಮಕ್ಕಳ ಮುಖ ಕಾಣದೆ ಇರುವವನ ಮನಸ್ಸನ್ನು ಅದರ ಲೆಕ್ಕದಲ್ಲಿ ಹುಡುಕುವುದು ವ್ಯರ್ಥ.

ಯಾವ ಭಾಷೆಯಲ್ಲಿ ಅಳುವುದು

ಜರ್ಮನಿಯ ವ್ಯವಸ್ಥೆಗೆ ಒಂದು ದೊಡ್ಡ ಕೊರತೆಯಿದೆ, ಭಾಷೆಯದು. ಕಾಸ್ಸೆ ಥೆರಪಿಗೆ ಹಣ ಕೊಡುತ್ತದೆ, ದುಭಾಷಿಗೆ ಕೊಡುವುದಿಲ್ಲ. 2021ರಲ್ಲಿ ಅಧಿಕಾರಕ್ಕೆ ಬಂದ ಮೈತ್ರಿಕೂಟ ಇದನ್ನು ಸೇರಿಸುತ್ತೇವೆ ಎಂದು ತನ್ನ ಒಪ್ಪಂದದಲ್ಲೇ ಬರೆದುಕೊಂಡಿತ್ತು. ಕಾನೂನಾಗುವ ಮುಂಚೆ ಆ ಸರ್ಕಾರವೇ ಬಿತ್ತು. ಇಂಗ್ಲಿಷ್ ಬಲ್ಲ ಥೆರಪಿಸ್ಟ್‌ಗಳು ದೊಡ್ಡ ನಗರಗಳಲ್ಲಿ ಸಿಗುತ್ತಾರೆ, ಅವರ ಸರತಿ ಇನ್ನೂ ಉದ್ದ. ಐಟಿ ಕೆಲಸದವರು ಇಂಗ್ಲಿಷಿನಲ್ಲಿ ಹೇಗೋ ನಿಭಾಯಿಸುತ್ತಾರೆ. ಗಂಡನ ಜೊತೆ ಬಂದು, ಇಡೀ ದಿನ ಮೂರನೆಯ ಮಹಡಿಯ ಮನೆಯಲ್ಲಿ ಕೂಸಿನೊಂದಿಗೆ ಕಳೆಯುವ ಹೆಣ್ಣುಮಗಳಿಗೆ ಅದೂ ಕಷ್ಟ. ಹೆರಿಗೆಯ ನಂತರದ ಖಿನ್ನತೆ ಇಂಥ ಮನೆಗಳಲ್ಲಿ ಗುರುತೇ ಸಿಗದೆ ಉಳಿದುಬಿಡುತ್ತದೆ. ಇಂಥವರಿಗೆ ಹೇಳಬೇಕಾದ ಎರಡು ಮಾತಿವೆ. ಕುಟುಂಬ ವಿಮೆಯಲ್ಲಿದ್ದರೂ ಅವರ ಹೆಸರಿನ ಸ್ವಂತ ಕಾರ್ಡ್ ಅವರಿಗಿರುತ್ತದೆ. ವೈದ್ಯರ ಬಳಿ ಹೋಗಲು ಗಂಡನ ಸಹಿ ಬೇಡ, ಅವನಿಗೆ ತಿಳಿಸಲೂ ಬೇಡ. ಹೆರಿಗೆಯ ನಂತರ ಕಾಸ್ಸೆ ಖರ್ಚಿನಲ್ಲೇ ಮನೆಗೆ ಬರುವ ಸೂಲಗಿತ್ತಿ, ಮಗುವಿನ ತೂಕ ನೋಡುವುದರ ಜೊತೆ ತಾಯಿಯ ಮಾತು ಕೇಳಲೂ ತರಬೇತಿ ಪಡೆದವಳು. ಅವಳ ಮುಂದೆ ಅತ್ತರೆ ತಪ್ಪಿಲ್ಲ.

ಹೀಗಾಗಿ ಬಹಳ ಮಂದಿ ಬೆಂಗಳೂರು, ಮೈಸೂರಿನ ಮನಃಶಾಸ್ತ್ರಜ್ಞರ ಜೊತೆ ವಿಡಿಯೊ ಕರೆಯಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ಕಾಸ್ಸೆ ಇದಕ್ಕೆ ಹಣ ಕೊಡುವುದಿಲ್ಲ, ಆದರೂ ಇಲ್ಲಿಯ ಸರತಿ ಬರುವ ತನಕ ಇದು ಒಳ್ಳೆಯ ಆಸರೆ. ಎರಡು ವಿಷಯ ನೆನಪಿರಲಿ. ಅಲ್ಲಿಯ ವೈದ್ಯರ ಚೀಟಿ ಇಲ್ಲಿಯ ಔಷಧಿ ಅಂಗಡಿಯಲ್ಲಿ ನಡೆಯುವುದಿಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಬರುವಾಗ ಮೂರು ತಿಂಗಳಿಗಾಗುವಷ್ಟು ತಂದು, ಅಷ್ಟರೊಳಗೆ ಇಲ್ಲಿಯ ಜನರಲ್ ಡಾಕ್ಟರಿಗೆ ಇಂಗ್ಲಿಷಿನ ಹಳೆಯ ಚೀಟಿ ತೋರಿಸಿ ಮುಂದುವರಿಸಿಕೊಳ್ಳಬೇಕು. ನಡುವೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್‌ನಂಥವು ಇಲ್ಲಿ ನಿಯಂತ್ರಿತ ಮಾದಕ ಔಷಧಗಳ ಪಟ್ಟಿಯಲ್ಲಿವೆ, ಅವಕ್ಕೆ ನಿಯಮ ಬಿಗಿ. ಇನ್ನೊಂದು, ಜೀವದ ಮೇಲೆ ಆಸೆ ಹೋಗಿ ಕೈಮೀರುವ ರಾತ್ರಿ ಬಂದರೆ ಸಾವಿರಾರು ಮೈಲಿ ದೂರದ ಥೆರಪಿಸ್ಟ್ ಬಾಗಿಲಿಗೆ ಬರಲಾರರು. ಅಂಥ ಹೊತ್ತಿಗೆ ತುರ್ತು ಸಂಖ್ಯೆ 112, ಅಥವಾ ಹತ್ತಿರದ ಮನೋರೋಗ ಆಸ್ಪತ್ರೆಯ ತುರ್ತು ವಿಭಾಗ; ಹಗಲು ರಾತ್ರಿ ತೆರೆದಿರುತ್ತದೆ, ವಿಮೆಯ ಪ್ರಶ್ನೆ ಆಮೇಲೆ. ಮಾತಾಡಿದರೆ ಸಾಕು ಎನ್ನಿಸಿದರೆ 0800 1110111, ದುಡ್ಡಿಲ್ಲ, ಹೆಸರು ಹೇಳಬೇಕಿಲ್ಲ. ಊರಲ್ಲಿ ಕೂತು ಮಗನ ದನಿ ಕೇಳಿ ದಿಗಿಲಾದ ತಾಯಿಗೆ 14416 ಇದೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್. ಇಡೀ ದೇಶದ ಈ ಜಾಲದ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಕನ್ನಡದಲ್ಲಿ ಕೇಳಿ ತಿಳಿಯಬಹುದು, ಮಗನ ಬಳಿ ಏನು ಮಾತಾಡಬೇಕು, ಏನು ಮಾತಾಡಬಾರದು ಎಂದು.

ಊರಿಗೆ ಮರಳುವವರಿಗೆ

ಕೆಲವು ವರ್ಷಗಳಲ್ಲಿ ಮರಳುವ ಯೋಚನೆ ಇದ್ದವರು ಊರಿನ ವಿಮೆಯನ್ನು ಬಿಡಬಾರದು. ಭಾರತದ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮೈಯ ಕಾಯಿಲೆಗೆ ವಿಮೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಎಂದು ಅದರ 21ನೇ ಸೆಕ್ಷನ್ ಹೇಳುತ್ತದೆ. ಎಲ್ಲ ಪಾಲಿಸಿಗಳೂ ಇದಕ್ಕೆ ಹೊಂದಿಕೊಳ್ಳಲು ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಆದರೂ ನಮ್ಮಲ್ಲಿ ಪಾಲಿಸಿ ಎಂದರೆ ಇಂದಿಗೂ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾದರೆ ಸಿಗುವ ಹಣ. ವಾರಕ್ಕೊಂದು ಥೆರಪಿಗೆ ಅದು ಬರುವುದು ಅಪರೂಪ, ಓಪಿಡಿ (ಹೊರರೋಗಿ) ಸೌಲಭ್ಯವಿರುವ ಪಾಲಿಸಿಯನ್ನು ಹುಡುಕಬೇಕು. ಮೊದಲೇ ಇದ್ದ ಕಾಯಿಲೆಗಳಿಗೆ ಕಾಯುವ ಅವಧಿಯನ್ನು 2024ರಲ್ಲಿ ಗರಿಷ್ಠ 48 ತಿಂಗಳಿನಿಂದ 36ಕ್ಕೆ ಇಳಿಸಿದ್ದಾರೆ. ಹೊರದೇಶದಲ್ಲಿರುವಾಗಲೂ ಕಂತು ಕಟ್ಟಿಕೊಂಡು ಬಂದರೆ ಆ ಅವಧಿ ಅಲ್ಲೇ ಸವೆದುಹೋಗುತ್ತದೆ. ಚಿಕಿತ್ಸೆ ಪಡೆದದ್ದನ್ನು ಅರ್ಜಿಯಲ್ಲಿ ಮುಚ್ಚಿಡುವುದು ಇಲ್ಲಿ ಹೇಗೆ ತಪ್ಪೋ ಅಲ್ಲೂ ಹಾಗೆಯೇ.

ಹೊರಡುವ ಮೊದಲು ಥೆರಪಿಸ್ಟ್ ಮತ್ತು ವೈದ್ಯರಿಂದ ವರದಿ ಕೇಳಿ ಪಡೆಯಬೇಕು, ಸಾಧ್ಯವಾದರೆ ಇಂಗ್ಲಿಷಿನಲ್ಲಿ: ಯಾವ ರೋಗ, ಎಷ್ಟು ಭೇಟಿ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ, ಯಾವಾಗಿನಿಂದ. ಮಾತ್ರೆಯ ವ್ಯಾಪಾರಿ ಹೆಸರು ಎರಡೂ ದೇಶಗಳಲ್ಲಿ ಬೇರೆ ಬೇರೆ ಇರುವುದರಿಂದ ಔಷಧದ ಮೂಲ ಹೆಸರನ್ನೇ ಬರೆಸಿಕೊಳ್ಳಿ. ವಿಮಾನದ ಟಿಕೆಟ್ ತೆಗೆದ ದಿನವೇ ಊರಿನ ಮನೋವೈದ್ಯರ ಬಳಿ ಸಮಯ ಗೊತ್ತು ಮಾಡಿಕೊಂಡರೆ, ಮಾತ್ರೆ ಮುಗಿಯುವುದಕ್ಕೂ ಹೊಸ ಚೀಟಿ ಸಿಗುವುದಕ್ಕೂ ನಡುವೆ ಅಂತರ ಬೀಳುವುದಿಲ್ಲ.